ಪಾಲಿಸಿ ಮಾಡ್ಸೀರೇನ್ರೀ?

ಶಿರೂರಿನಲ್ಲಿ ಬಾಗಲಕೋಟೆ ಬಸ್ಸಿಗೆ ಕಾಯುತ್ತ ನಿಂತವನಿಗೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. "ಎಲ್ಲಿಗೆ ಹೊಂಟ್ರಿ?" ಇದು ಮೊದಲನೆಯದು. "ಯಾಕ, ಆರಾಮ ಇಲ್ಲೇನು?" ಇದು ಎರಡನೆಯದು. ನಮ್ಮ ಕಡೆಯವರು ಬಾಗಲಕೋಟೆಗೆ ಹೋಗುವುದು ಒಂದೋ ಕಚೇರಿಗೆ, ಇಲ್ಲವೇ ದವಾಖಾನೆಗೆ. ಕಚೇರಿಗೆ ನಾಲ್ಕು ಸಲ ಅಲೆದವನು ಐದನೇ ಸಲ ದವಾಖಾನೆಗೆ ಹೋಗಲೇಬೇಕಾಗುತ್ತದೆ, ಆ ಮಾತು ಬೇರೆ. ಮೂರನೆಯ ಪ್ರಶ್ನೆ ಈಚೆಗೆ ಸೇರಿಕೊಂಡದ್ದು: "ಪಾಲಿಸಿ ಮಾಡ್ಸೀರೇನ್ರೀ?"

ಇದನ್ನು ಕೇಳುವವನು ನಮ್ಮೂರ ಅಳಿಯ. ಒಂದು ಮನೆಗೆ ಅಳಿಯನಾಗಿ ಬಂದವನು ಊರಿಗೆಲ್ಲ ಅಳಿಯನಾಗಿ ಉಳಿದಿದ್ದಾನೆ. ಮೊದಲು ಬೀಜ-ಗೊಬ್ಬರ ಮಾರಿದ, ಆಮೇಲೆ ಭಿಶಿ ನಡೆಸಿದ, ಆಮೇಲೆ ಜೀವವಿಮೆ ಹಿಡಿದ, ಈಗ ಆರೋಗ್ಯ ವಿಮೆ. ಜೀವವಿಮೆ ಮಾರುವಾಗ "ನೀವು ಸತ್ತರ..." ಎಂದು ಮಾತು ತೆಗೆಯುತ್ತಿದ್ದ. ಈಗ "ನೀವು ಸಾಯ್ಲಿಲ್ಲ ಅಂದ್ರ..." ಎಂದು ತೆಗೆಯುತ್ತಾನೆ. ಸುಳ್ಳು ಯಾಕೆ ಹೇಳಲಿ, ಎರಡನೆಯದಕ್ಕೇ ನನಗೆ ಹೆಚ್ಚು ಹೆದರಿಕೆ.

"ಎರಡು ದಿನ ಐಸಿಯು ಅಂದ್ರ ಒಂದು ಎಕರೆ ಹೋತು ಅಂತ ತಿಳೀರಿ" ಎನ್ನುತ್ತಾನೆ. ಈ ಲೆಕ್ಕವನ್ನು ನಗುತ್ತ ತಳ್ಳಿಹಾಕುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಎತ್ತು ಮಾರಿದವರು, ಬೋರಮಾಳ ಸರ ಅಡವಿಟ್ಟವರು, ಉಳ್ಳಾಗಡ್ಡಿಯ ಹೊಲವನ್ನು ಲಾವಣಿಗೆ ಹಾಕಿದವರು ಎಲ್ಲರ ಓಣಿಯಲ್ಲೂ ಇದ್ದಾರೆ. ಮದುವೆಗೆ ಮಾಡಿದ ಸಾಲವನ್ನಾದರೂ ಜನ ಹೇಳಿಕೊಳ್ಳುತ್ತಾರೆ, ಊಟಕ್ಕೆ ಬಂದವರಂತೂ ನೆನಪಿಟ್ಟುಕೊಳ್ಳುತ್ತಾರೆ. ಜಡ್ಡಿಗೆ ಮಾಡಿದ ಸಾಲ ಮಾತ್ರ ಮನೆಯೊಳಗೇ ಕೊಳೆಯುತ್ತದೆ.

ಚಹಾದಂಗಡಿಯ ಬಾಕಿನ ಮೇಲೆ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಅಳಿಯ ಬಂದನೆಂದರೆ ಅವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಮೊನ್ನೆ ಅಳಿಯ ಒಂದು ದೊಡ್ಡ ಮಾತೇ ಆಡಿಬಿಟ್ಟ: "ಮಾಸ್ತರ, ಪ್ರೈವೇಟ್ ಇನ್ಶೂರನ್ಸ್ ಇಲ್ದ ಈ ದೇಶದಾಗ ಯಾರಿಗೂ ಔಷಧ ಸಿಗಂಗಿಲ್ಲ, ಬರೆದಿಟ್ಕೋರಿ."

ಮಾಸ್ತರು ಬರೆದಿಟ್ಟುಕೊಳ್ಳಲಿಲ್ಲ. ಕೇಳಿದರು: "ಹಂಗಾದ್ರ ಈ ದೇಶದಾಗ ಮೆಡಿಕ್ಲೇಮ್ ಅನ್ನೋದು ಬಂದದ್ದು 1986ಕ್ಕ, ಅದೂ ಸರ್ಕಾರಿ ಕಂಪನಿಯವರು ತಂದದ್ದು. ಖಾಸಗಿ ಕಂಪನಿಗಳಿಗೆ ಬಾಗಿಲು ತೆಗೆದದ್ದು 2000ಕ್ಕ. ಅಲ್ಲೀತನಕ ನಾವೆಲ್ಲಾ ಹ್ಯಾಂಗ ಬದುಕಿದ್ವೋ, ಅಳಿಯ?"

"ನೀವು ಬದುಕೀರಿ. ಸತ್ತವರು ಬಾಕಿನ ಮ್ಯಾಲೆ ಕುಂತಿಲ್ಲ" ಎಂದ ಅಳಿಯ. ಅವನನ್ನು ಸುಮ್ಮನೆ ಅಳಿಯ ಎಂದು ಕಡೆಗಣಿಸಬಾರದು.

ನಾನು ಈ ಜಗಳದಲ್ಲಿ ಯಾರ ಕಡೆ ಎಂದು ಕೇಳಿದರೆ, ನನ್ನ ಹತ್ತಿರ ಪಾಲಿಸಿ ಇದೆ. ಅಂದ ಮೇಲೆ ಅಳಿಯನ ಕಡೆ ಎಂದುಕೊಳ್ಳಬೇಡಿ. ಪಾಲಿಸಿಯನ್ನು ಓದಿಯೂ ಇದ್ದೇನೆ.

ಓದಿದ್ದು ತಡವಾಗಿ. ಸಹಿ ಹಾಕಿ ವರ್ಷವಾದ ಮೇಲೆ, ಅವ್ವನ ಕಣ್ಣಿಗೆ ಪೊರೆ ಬಂದಾಗ. ನಾನು ಎದೆಯುಬ್ಬಿಸಿ, "ಚಿಂತಿ ಬ್ಯಾಡ ಅವ್ವ, ಪಾಲಿಸಿ ಐತಿ" ಎಂದೆ. ಆಸ್ಪತ್ರೆಯ ಕಿಟಕಿಯಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ಪೊರೆಗೆ ಎರಡು ವರ್ಷ ಕಾಯಬೇಕು ಸರ್" ಎಂದಳು. ಅವ್ವನಿಗೆ ಅದು ಕೇಳಿಸಿ, "ಅಲ್ಲಿತನಕ ಕಣ್ಣು ಕಾಯ್ತೈತೇನವ್ವ?" ಎಂದು ಆ ಹುಡುಗಿಯನ್ನೇ ಕೇಳಿದಳು. ಹುಡುಗಿ ಒಳ್ಳೆಯವಳು, ತಲೆ ತಗ್ಗಿಸಿದಳು. ಮನೆಗೆ ಬಂದು ಪುಸ್ತಕ ತೆಗೆದೆ. ಇದ್ದ ಕಾಯಿಲೆಗೆ ಮೂರು ವರ್ಷ ಕಾಯಬೇಕು. ಪೊರೆ, ಹರ್ನಿಯಾ, ಮೂಲವ್ಯಾಧಿಗೆ ಎರಡು ವರ್ಷ. ಅಪಘಾತ ಬಿಟ್ಟು ಬೇರೆ ಯಾವ ಜಡ್ಡೇ ಆಗಲಿ, ಮೊದಲ 30 ದಿನ ಬರಲೇಬಾರದು. ಅವ್ವನ ಕಣ್ಣಿನ ಆಪರೇಷನ್ ಕೊನೆಗೆ ಸರ್ಕಾರದ ಶಿಬಿರದಲ್ಲಿ ಆಯಿತು. ಬಿಡಿಗಾಸು ಖರ್ಚಿಲ್ಲ, ಮೇಲೊಂದು ಕರಿ ಕನ್ನಡಕ. ಅದನ್ನು ಹಾಕಿಕೊಂಡು ಅವ್ವ ಮೊದಲು ನೋಡಿದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಪಾಲಿಸಿಯನ್ನು. "ಛಲೋ ಕಾಣಸ್ತೈತಿ" ಎಂದಳು. ಕಣ್ಣಿಗೆ ಹೇಳಿದಳೋ ಪಾಲಿಸಿಗೆ ಹೇಳಿದಳೋ, ನಾನು ಕೇಳಲು ಹೋಗಲಿಲ್ಲ.

ಎರಡನೆಯ ಪಾಠ ನನ್ನ ಷಡ್ಡಕನದು. ಅವನದು ಮೂರು ಲಕ್ಷದ ಪಾಲಿಸಿ. ಕೋಣೆಯ ಬಾಡಿಗೆಗೆ ಮಿತಿ ನೂರಕ್ಕೆ ಒಂದು, ಅಂದರೆ ದಿನಕ್ಕೆ 3,000 ರೂಪಾಯಿ. ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು 6,000ದ ಕೋಣೆ. "ಮೇಲಿನ ಮೂರು ಸಾವಿರ ನಾನs ಕೊಡ್ತೀನಿ ತಗೋರಿ" ಎಂದು ಧಿಮಾಕಿನಿಂದ ಮಲಗಿದ. ಬಿಲ್ಲು ಬಂದಾಗ ಕಂಪನಿ ಬಾಡಿಗೆಯನ್ನಷ್ಟೇ ಅರ್ಧ ಮಾಡಿರಲಿಲ್ಲ. ಡಾಕ್ಟರ ಫೀ ಅರ್ಧ, ಆಪರೇಷನ್ ಥಿಯೇಟರ್ ಅರ್ಧ, ದಾದಿಯರ ಲೆಕ್ಕವೂ ಅರ್ಧ. ದೊಡ್ಡ ಕೋಣೆ ತಗೊಂಡವನಿಗೆ ಎಲ್ಲವೂ ದೊಡ್ಡ ದರದಲ್ಲೇ ಬೀಳುತ್ತದಂತೆ, ಆದ್ದರಿಂದ ಎಲ್ಲದರಲ್ಲೂ ಅದೇ ಪ್ರಮಾಣದ ಕಡಿತ. ಕೈಗವಸು, ಹತ್ತಿ, ಸಿರಿಂಜು "ಬರುವುದಿಲ್ಲ" ಎಂಬ ಇನ್ನೊಂದು ಪಟ್ಟಿ ಬೇರೆ. "ಕೋಣಿಗೂ ಕತ್ತರಿಗೂ ಏನ್ ಸಂಬಂಧ?" ಎಂದು ಷಡ್ಡಕ ಇನ್ನೂ ಕೇಳುತ್ತಿದ್ದಾನೆ. ಗಾಯ ಮಾಗಿದೆ, ಪ್ರಶ್ನೆ ಮಾಗಿಲ್ಲ.

ಇಷ್ಟರ ಮೇಲೆ ಪ್ರೀಮಿಯಂಗೆ ನೂರಕ್ಕೆ ಹದಿನೆಂಟು ಜಿಎಸ್‌ಟಿ ಬೇರೆ ಇತ್ತು. ಜಡ್ಡು ಬಿದ್ದದ್ದಕ್ಕೆ ದಂಡ ಸರಿ, ಜಡ್ಡಿಗೆ ಹೆದರಿದ್ದಕ್ಕೂ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದಿದ್ದಾರೆ. ಅಳಿಯ ಅಂದು ಇಡೀ ಬಾಕಿಗೆ ಚಹಾ ಕುಡಿಸಿದ. ಆ ಚಹಾ ಕುಡಿದವರಲ್ಲಿ ಇಬ್ಬರು ಈಗ ಅವನ ಗಿರಾಕಿಗಳು.

ನಾನು ವಿಮೆಯ ವೈರಿಯಲ್ಲ. ವಿಮೆ ಎಂಬ ಹೆಸರು ಊರಿಗೆ ಬರುವ ಮೊದಲೇ ಅದರ ತಿರುಳು ನಮ್ಮಲ್ಲಿತ್ತು, ಅದರ ಹೆಸರು ಮುಯ್ಯಿ. ಇಂದು ನಿನ್ನ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲದ ರಾಶಿಗೆ ನೀನು ಬಾ. ಯಾರ ಹೊಲಕ್ಕೆ ಯಾವಾಗ ಆಳು ಬೇಕಾಗುತ್ತದೋ ಮೊದಲೇ ಗೊತ್ತಿರುವುದಿಲ್ಲ, ಬೇಕಾದಾಗ ಎಲ್ಲರೂ ಬರುತ್ತಾರೆ ಎಂಬುದಷ್ಟೇ ಗೊತ್ತು. ಆರೋಗ್ಯದ ದುಡ್ಡಿನದೂ ಇದೇ ಸೂತ್ರ. ಆರಾಮಿದ್ದವರ ರೊಕ್ಕ ಜಡ್ಡು ಬಿದ್ದವರಿಗೆ ಹೋಗಬೇಕು. ಪ್ರಶ್ನೆ ಒಂದೇ: ಈ ಮುಯ್ಯಿಯನ್ನು ನಡೆಸುವವರು ಯಾರು, ನಡುವೆ ನಿಂತವನು ಎಷ್ಟು ಇಟ್ಟುಕೊಳ್ಳುತ್ತಾನೆ?

ಇದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವೇ ವರ್ಷವರ್ಷ ಲೆಕ್ಕ ಕೊಡುತ್ತದೆ. 2023-24ರಲ್ಲಿ ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಗಳು ನೂರು ರೂಪಾಯಿ ಪ್ರೀಮಿಯಂಗೆ ಕ್ಲೇಮಾಗಿ ಕೊಟ್ಟದ್ದು ಸುಮಾರು 65 ರೂಪಾಯಿ. ಸರ್ಕಾರಿ ವಿಮಾ ಕಂಪನಿಗಳು ಕೊಟ್ಟದ್ದು ನೂರಕ್ಕೂ ತುಸು ಹೆಚ್ಚು. ಮಾಸ್ತರು ಇದನ್ನು ಹೇಳಿದಾಗ ಚಹಾದ ಕಾಕಾ ಬೋಣಿ ಬಿಟ್ಟು ಎದ್ದು ಬಂದ. "ಅಂದ್ರ ನೂರು ಆಳು ಮುಯ್ಯಿಗೆ ಕಳಿಸಿದ್ರ ಮೂವತ್ತೈದು ಆಳು ದಾರ್ಯಾಗs ಉಳೀತಾವೇನು?" "ಅವು ಆಫೀಸು, ಪಗಾರ, ಜಾಹೀರಾತು..." ಎಂದ ಅಳಿಯ. "ಮತ್ತ ನಿನ್ನ ಹೊಸ ಮೋಟರ್‌ಸೈಕಲ್ಲು" ಎಂದು ಕಾಕಾ ಪಟ್ಟಿ ಪೂರ್ತಿ ಮಾಡಿದ. ಅಮೆರಿಕದಲ್ಲಿ 2010ರ ಕಾನೂನು ಕಂಪನಿಗಳಿಗೆ ನೂರಕ್ಕೆ 80ರಿಂದ 85ನ್ನು ಚಿಕಿತ್ಸೆಗೇ ಖರ್ಚು ಮಾಡಬೇಕು, ಇಲ್ಲದಿದ್ದರೆ ಉಳಿದದ್ದನ್ನು ಗಿರಾಕಿಗೆ ಮರಳಿಸಬೇಕು ಎಂದಿದೆ. ಖಾಸಗಿ ವಿಮೆಯ ತವರುಮನೆಯಲ್ಲೇ ಅದಕ್ಕೆ ಮೂಗುದಾರ ಹಾಕಿದ್ದಾರೆ.

ಅಮೆರಿಕ ಎಂದರೆ ನನಗೆ ನೆನಪಾಗುವುದು ನನ್ನ ಚಿಕ್ಕಪ್ಪನ ಮಗ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರು, ಕಂಪನಿಯವರು ಕೊಟ್ಟ ಒಳ್ಳೆಯ ವಿಮೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ಕಡಕ್ ರೊಟ್ಟಿಯ ಆಸೆಗೆ ಬರುತ್ತಾನೆಂದು ಚಿಕ್ಕಮ್ಮ ನಂಬಿದ್ದಾಳೆ. ನಿಜಕ್ಕೂ ಬರುವುದು ರೊಟ್ಟಿ ಕಡಿಯುವ ಹಲ್ಲನ್ನು ರಿಪೇರಿ ಮಾಡಿಸಿಕೊಳ್ಳಲು. ಅಲ್ಲಿ ಹಲ್ಲಿಗೆ ಬೇರೆ ವಿಮೆ, ಕಣ್ಣಿಗೆ ಬೇರೆ ವಿಮೆಯಂತೆ. ದವಡೆಯಲ್ಲಿ ಎರಡು ಹುಳುಕು ಹಲ್ಲು ಇಟ್ಟುಕೊಂಡು ಸಾಗರ ದಾಟಿ ಬಂದು ಬಾಗಲಕೋಟೆಯಲ್ಲಿ ಬಾಯಿ ತೆರೆಯುತ್ತಾನೆ. "ಅಲ್ಲೇ ಮಾಡಿಸಿದ್ರ?" ಎಂದು ಕೇಳಿದೆ. "ಟಿಕೆಟ್ಟಿನ ರೊಕ್ಕ ಇಲ್ಲೇ ಉಳೀತು" ಎಂದ. ಪ್ರಪಂಚದಲ್ಲೇ ಅತಿ ಹೆಚ್ಚು ಖಾಸಗಿ ವಿಮೆ ಮಾರಾಟವಾಗುವ ದೇಶದಿಂದ ಹಲ್ಲುಗಳು ಬಾಗಲಕೋಟೆಗೆ ವಲಸೆ ಬರುತ್ತಿರುವುದನ್ನು ನಮ್ಮ ಅಳಿಯ ತನ್ನ ಕರಪತ್ರದಲ್ಲಿ ಹಾಕಿಲ್ಲ.

ಹಾಗಾದರೆ ಕಂಪನಿಯಿಲ್ಲದ ಮುಯ್ಯಿ ಎಲ್ಲಾದರೂ ನಡೆದಿದೆಯೇ? ಬ್ರಿಟನ್ನಿನಲ್ಲಿ 1948ರ ಜುಲೈ 5ರಿಂದ ತೆರಿಗೆಯ ದುಡ್ಡಿನಲ್ಲೇ ಎಲ್ಲರಿಗೂ ಚಿಕಿತ್ಸೆ ನಡೆದಿದೆ ಎಂದು ಮಾಸ್ತರು ಶುರು ಮಾಡಿದರು. ಜರ್ಮನಿಯವರು 1883ರಲ್ಲೇ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆ ನಿಧಿ ಮಾಡಿದ್ದನ್ನೂ ಹೇಳಿದರು. ಕಾಕಾ ತಡೆದ: "ಮಾಸ್ತರ, ದೂರದ ಬೆಟ್ಟ ಬ್ಯಾಡ. ನಮ್ಮ ಕಡೆ ಏನರೆ ಆಗೈತೇನು ಹೇಳ್ರಿ."

ಆಗಿದೆ. ಮತ್ತು ನಮಗೇ ಅದು ಮರೆತುಹೋಗಿದೆ.

ಮೊದಲನೆಯದು ಯಶಸ್ವಿನಿ. 2002ರ ನವೆಂಬರ್ 14ರಂದು ಎಸ್. ಎಂ. ಕೃಷ್ಣ ಅವರ ಸರ್ಕಾರ ಉದ್ಘಾಟಿಸಿ, 2003ರ ಜೂನ್‌ನಲ್ಲಿ ಜಾರಿಗೆ ಬಂದದ್ದು. ಹೃದಯದ ಡಾಕ್ಟರು ದೇವಿ ಶೆಟ್ಟಿ ಅವರ ಲೆಕ್ಕಾಚಾರ: ಸಹಕಾರಿ ಸಂಘದ ಒಬ್ಬ ರೈತ ತಿಂಗಳಿಗೆ 5 ರೂಪಾಯಿ ಹಾಕಿದರೆ, ಅಂಥವರು ಲಕ್ಷಗಟ್ಟಲೆ ಸೇರಿದರೆ, ಆಪರೇಷನ್ ಬೇಕಾದವನಿಗೆ ಆಪರೇಷನ್ ಮಾಡಬಹುದು. ವರ್ಷಕ್ಕೆ 60 ರೂಪಾಯಿ. ನಡುವೆ ವಿಮಾ ಕಂಪನಿ ಇಲ್ಲ, ಒಂದು ಟ್ರಸ್ಟು ಅಷ್ಟೇ. ರೊಕ್ಕ ಕೂಡಿಸುವವರು ಅದೇ ಹಳೆಯ ಹಾಲಿನ ಡೈರಿ, ಅದೇ ಪತ್ತಿನ ಸೊಸೈಟಿ. ಮೊದಲ ವರ್ಷವೇ ಹದಿನಾರು ಲಕ್ಷದಷ್ಟು ಜನ ಸೇರಿದರು. ಬೀಜ-ಗೊಬ್ಬರದ ಸಾಲಕ್ಕೆ ನಿಂತ ಸರದಿಯಲ್ಲೇ ಹೃದಯದ ಆಪರೇಷನ್ನಿಗೂ ಹೆಸರು ಬರೆಸಿದ ರೈತರು ಬೇರೆಲ್ಲಿದ್ದರು? 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿದರು, 2022ರಲ್ಲಿ ಮತ್ತೆ ಎಬ್ಬಿಸಿದರು. ಈಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ.

ಎರಡನೆಯದು ನಮ್ಮ ಮನೆಬಾಗಿಲಿನದೇ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಮೊದಲು ಕಲಬುರಗಿ ವಿಭಾಗ, ಅದೇ ವರ್ಷ ಬೆಳಗಾವಿ ವಿಭಾಗ. ಅಂದರೆ ಬಾಗಲಕೋಟೆ ಜಿಲ್ಲೆ, ಅಂದರೆ ನಾವು. ಯಾವಾಗಲೂ ಬೆಂಗಳೂರು-ಮೈಸೂರಿನ ನಂತರ ನಮ್ಮ ಪಾಳಿ ಬರುವುದು ರೂಢಿ. ಈ ಒಂದು ಸಲ ನಾವು ಮುಂದೆ. ಪ್ರೀಮಿಯಂ ಇಲ್ಲ, ಅರ್ಜಿ ಇಲ್ಲ, ಕಾಯುವ ಎರಡು ವರ್ಷವಿಲ್ಲ. ಬಡತನ ರೇಖೆಯ ಕೆಳಗಿನ ಪಡಿತರ ಚೀಟಿ ಇದ್ದರೆ ಸಾಕು. ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟ ಗಾಯ ಇಂಥ ದೊಡ್ಡ ಜಡ್ಡುಗಳಿಗೆ ಕುಟುಂಬಕ್ಕೆ ಒಂದೂವರೆ ಲಕ್ಷ, ತೀರಾ ಬೇಕಾದರೆ ಮೇಲೆ 50,000. ನಡೆಸಿದ್ದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಸರ್ಕಾರದ್ದೇ. ಚಿಕಿತ್ಸೆ ಮಾತ್ರ ಖಾಸಗಿ ಆಸ್ಪತ್ರೆಗಳಲ್ಲೂ ಸಿಗುತ್ತಿತ್ತು, ದರ ಮೊದಲೇ ನಿಗದಿ. ಆಸ್ಪತ್ರೆಯವರೇ ಹಳ್ಳಿಗೆ ಬಂದು ಶಿಬಿರ ಹಾಕಿ ರೋಗಿಗಳನ್ನು ಹುಡುಕಿಕೊಂಡು ಹೋದರು.

ಇದರಿಂದ ಏನಾಯಿತು ಎಂದು ನಮ್ಮ ಬಾಕಿನವರು ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಯೋಜನೆ ಇದ್ದ ಮತ್ತು ಇಲ್ಲದ, ಒಂದಕ್ಕೊಂದು ಹತ್ತಿರದ 572 ಹಳ್ಳಿಗಳನ್ನು ಹೋಲಿಸಿ ನೋಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇಲ್ಲದ ಹಳ್ಳಿಗಳ ಬಡವರಲ್ಲಿ ಆ ದೊಡ್ಡ ಜಡ್ಡುಗಳಿಂದಾದ ಸಾವಿನ ಪ್ರಮಾಣ ನೂರಕ್ಕೆ 0.90, ಯೋಜನೆ ಇದ್ದ ಕಡೆ ನೂರಕ್ಕೆ 0.32. ಮೂರರಲ್ಲಿ ಎರಡು ಪಾಲಿನಷ್ಟು ಸಾವು ತಪ್ಪಿತ್ತು. ಕೈಯಿಂದ ಮಾಡುವ ಆಸ್ಪತ್ರೆಯ ಖರ್ಚೂ ಮೂರನೇ ಒಂದರಷ್ಟು ಇಳಿದಿತ್ತು. ಮಾಸ್ತರು ಇದನ್ನು ಓದಿ ಹೇಳಿದಾಗ ಬಾಕಿನ ಮೇಲೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಶಿರೂರಿನ ಚಹಾದಂಗಡಿಯಲ್ಲಿ ಒಂದು ನಿಮಿಷದ ಮೌನ ಎಂದರೆ ಕರೆಂಟು ಹೋದ ಹಾಗೆ.

"ಸತ್ತವರು ಬಾಕಿನ ಮ್ಯಾಲೆ ಕುಂತಿಲ್ಲ ಅಂದ್ಯಲ್ಲ, ಅಳಿಯ," ಎಂದರು ಮಾಸ್ತರು ಮೆತ್ತಗೆ. "ಉಳದವರು ಕುಂತಾರ."

ಅಳಿಯ ಸೋಲೊಪ್ಪುವ ಪೈಕಿಯಲ್ಲ. "ಹಂಗಾದ್ರ ಈಗ ಆಯುಷ್ಮಾನ್ ಕಾರ್ಡ್ ಹಿಡ್ಕೊಂಡು ಹೋಗ್ರಿ ನೋಡೂನು" ಎಂದ. ಇಲ್ಲಿ ಅವನ ಮಾತಿನಲ್ಲಿ ಹುರುಳಿದೆ, ಅದನ್ನು ಮುಚ್ಚಿಟ್ಟರೆ ನಾನೂ ಒಂದು ಕರಪತ್ರ ಬರೆದ ಹಾಗಾಗುತ್ತದೆ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ನಡೆದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ದವಾಖಾನೆಯ ಚೀಟಿ ಬೇಕು. ಬಿಪಿಎಲ್ ಚೀಟಿ ಸಿಗದ ಒಣಬೇಸಾಯದವನು, ಸಣ್ಣ ಕಿರಾಣಿಯವನು, ಪಿಂಚಣಿಯ ಮಾಸ್ತರು, ಇವರೆಲ್ಲ ಆ ಮೂವತ್ತಕ್ಕೂ ನೂರಕ್ಕೂ ನಡುವಿನ ಎಪ್ಪತ್ತರಲ್ಲಿ ಸಿಕ್ಕಿಬೀಳುತ್ತಾರೆ. ಅಳಿಯನ ಅಂಗಡಿ ಇರುವುದು ಸರಿಯಾಗಿ ಆ ಎಪ್ಪತ್ತರ ಸಂದಿಯಲ್ಲಿ. ಸರ್ಕಾರ ಸಂದಿ ಬಿಟ್ಟಷ್ಟೂ ಅವನ ಮೋಟರ್‌ಸೈಕಲ್ಲಿಗೆ ಪೆಟ್ರೋಲು.

ಇನ್ನೊಂದು ಮಾತು. ಕಾರ್ಡಾಗಲಿ ಪಾಲಿಸಿಯಾಗಲಿ ನಾಡಿ ಹಿಡಿಯುವುದಿಲ್ಲ. ನಾಡಿ ಹಿಡಿಯುವವರು ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿ. ವಿ. ವಿ. ಸಂಘದ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ, 2008ರಿಂದ 108 ಆಂಬುಲೆನ್ಸ್ ಇದೆ. ಇವು ನಿಂತದ್ದು ತೆರಿಗೆಯ ಮೇಲೆ, ದಾನದ ಮೇಲೆ, ಸಂಘದ ಮೇಲೆ. ಒಂದು ಹಾಸಿಗೆಯೂ ಪಾಲಿಸಿಯ ಹೊಟ್ಟೆಯಿಂದ ಹುಟ್ಟಿದ್ದಲ್ಲ. ಹಾಸಿಗೆಯೇ ಇಲ್ಲದ ಊರಿನಲ್ಲಿ ಐದು ಲಕ್ಷದ ಕಾರ್ಡು, ಬಾವಿ ಇಲ್ಲದ ಊರಿನಲ್ಲಿ ಹಗ್ಗ ಬಿಂದಿಗೆ ಇದ್ದ ಹಾಗೆ. ಇನ್ನು ಕಾಕಾನಿಗೆ ದಿನಾ ಬೇಕಾದ ಸಕ್ಕರೆ ಕಾಯಿಲೆಯ ಗುಳಿಗೆ, ಮಾಸ್ತರರ ಬಿಪಿಯ ಗುಳಿಗೆ, ಇವು ಸಾಮಾನ್ಯ ಪಾಲಿಸಿಯೊಳಗೆ ಬರುವುದೇ ಇಲ್ಲ; ಪಾಲಿಸಿ ಕಣ್ಣು ಬಿಡುವುದು ನೀವು ಹಾಸಿಗೆ ಹಿಡಿದ ಮೇಲೆ. ಆ ಗುಳಿಗೆಯನ್ನು ಪುಕ್ಕಟೆ ಕೊಟ್ಟು ನೀವು ಹಾಸಿಗೆ ಹಿಡಿಯದ ಹಾಗೆ ನೋಡಿಕೊಳ್ಳುವುದು ಸರ್ಕಾರಿ ದವಾಖಾನೆ. ಯಾವ ಕಂಪನಿಯೂ ಅದನ್ನು ಜಾಹೀರಾತಿನಲ್ಲಿ ತೋರಿಸುವುದಿಲ್ಲ, ತೋರಿಸಿದರೆ ಪಾಲಿಸಿ ಯಾರು ಕೊಳ್ಳುತ್ತಾರೆ?

"ಹಂಗಂದ್ರ ನಮ್ಮ ಕಸುಬು ಬ್ಯಾಡೇ ಬ್ಯಾಡ ಅಂತೀರೇನು?" ಎಂದು ಅಳಿಯ ಸಪ್ಪೆ ಮುಖ ಮಾಡಿದ. ಪಾಪ ಅನ್ನಿಸಿತು. ಸ್ವಿಟ್ಜರ್ಲೆಂಡಿನಲ್ಲಿ 1996ರಿಂದ ಎಲ್ಲರೂ ವಿಮೆ ಕೊಳ್ಳಲೇಬೇಕು, ಮಾರುವವರು ಖಾಸಗಿಯವರೇ. ಆದರೆ ಮೂಲ ಪಾಲಿಸಿಯಲ್ಲಿ ಲಾಭ ಮಾಡುವಂತಿಲ್ಲ, ಮುದುಕ, ರೋಗಿ ಎಂದು ಯಾರನ್ನೂ ವಾಪಸು ಕಳಿಸುವಂತಿಲ್ಲ. ಇಷ್ಟು ಹೇಳಿದ್ದೇ ತಡ, ಅಳಿಯ ಬೆವರಿದ. "ಲಾಭ ಇಲ್ದ? ಮುದುಕರಿಗೂ? ಹಂಗಾದ್ರ ಅದಕ್ಕ ಪ್ರೈವೇಟ್ ಅಂತ ಯಾಕ ಕರೀಬೇಕ್ರೀ?" ಆ ಪ್ರಶ್ನೆಗೆ ಮಾಸ್ತರು ನೂರಕ್ಕೆ ನೂರು ಅಂಕ ಕೊಟ್ಟರು.

ಮುಂದಿನ ವಾರ ನಾನು ಯಶಸ್ವಿನಿಗೆ ಹೆಸರು ಬರೆಸಲು ಸೊಸೈಟಿಗೆ ಹೋದೆ. ಸರದಿಯಲ್ಲಿ ನನ್ನ ಮುಂದೆ ಒಂದು ಪರಿಚಿತ ಬೆನ್ನು. ಅಳಿಯ! ಕೈಯಲ್ಲಿ ಪಡಿತರ ಚೀಟಿ, ಫೋಟೊ, 500ರ ಒಂದು ನೋಟು. ನನ್ನನ್ನು ನೋಡಿ ಒಂದಿಷ್ಟೂ ನಾಚಲಿಲ್ಲ. "ಇದ್ರಾಗ ಕಮಿಷನ್ ಇಲ್ಲ, ಅದಕ್ಕ ನಾ ಮಾರಂಗಿಲ್ಲ. ಅಗ್ಗ ಐತಿ, ಅದಕ್ಕ ನಾ ಕೊಳ್ತೀನಿ" ಎಂದ.

ಆರೋಗ್ಯ ಕೊಡಲು ಖಾಸಗಿ ವಿಮೆ ಬೇಕೇ ಬೇಕೇನು ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ನನಗೆ ತಿಳಿಯದು. ಬೇಕಿಲ್ಲ, ಸರ್ಕಾರ ಸಂದಿ ಬಿಟ್ಟಿರುವ ತನಕ ಕೆಲವರು ಕೊಳ್ಳಬೇಕಾಗುತ್ತದೆ, ಅಷ್ಟೇ. ನೀವು ಅಂಥವರಾದರೆ ಕೊಳ್ಳಿ, ನಾನೂ ಕೊಂಡಿದ್ದೇನೆ. ಆದರೆ ಮೊದಲು ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರಿದೆಯೇ ನೋಡಿ, ಆಯುಷ್ಮಾನ್ ಕಾರ್ಡು ಮಾಡಿಸಿ, ಸೊಸೈಟಿಯ ಸದಸ್ಯರಾಗಿದ್ದರೆ ಯಶಸ್ವಿನಿಗೆ ಹೆಸರು ಬರೆಸಿ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, 2024ರ ಅಕ್ಟೋಬರ್‌ನಿಂದ ಆದಾಯ ಎಷ್ಟೇ ಇರಲಿ ಅವರಿಗೂ ಆಯುಷ್ಮಾನ್ ಎಂದು ಕೇಂದ್ರ ಸರ್ಕಾರ ಸಾರಿದೆ. ಕಚೇರಿಗೆ ಹೋಗಿ ಕೇಳಿ, ಸಿಗದಿದ್ದರೆ ಜಗಳವಾಡಿ. ಇಷ್ಟಾದ ಮೇಲೂ ಕಿಸೆಯಲ್ಲಿ ರೊಕ್ಕ ಉಳಿದಿದ್ದರೆ ಅಳಿಯನನ್ನು ಕರೆಯಿರಿ. ಸಹಿ ಹಾಕುವ ಮುನ್ನ "ಕಾಯುವ ಅವಧಿ" ಎಂಬ ಪುಟವನ್ನು ಅವನ ಬಾಯಿಂದಲೇ ಗಟ್ಟಿಯಾಗಿ ಓದಿಸಿ. ಪಕ್ಕದಲ್ಲಿ ನಿಮ್ಮ ಅವ್ವ ಕೂತಿದ್ದರೆ ಇನ್ನೂ ಒಳ್ಳೆಯದು.